ಗುಟ್ಟು ಕೇಳಿಸಿಕೊಂಡವಳನ್ನೂ ಬರೆ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯನ್ನು ಪೂರ್ತಿ ಓದಿದೆ. ಪತ್ರದ ತುಂಬ ‘ಮೇಡಂ’ ಅಂತ ಬರೆದಿದ್ದೀಯ. ಅಕ್ಕ ಅಂದರೆ ಸಾಕು. ಆಗ ನಾನೂ ಬಿಚ್ಚುಮನಸ್ಸಿನಿಂದ ಬರೆಯಬಹುದು.

ಮೊದಲು ಇಷ್ಟವಾದದ್ದನ್ನು ಹೇಳುತ್ತೇನೆ. ಬ್ಯಾಡಗಿಯ ಸುಗ್ಗಿ ನಿನ್ನ ಕೈಯಲ್ಲಿ ತುಂಬ ಚೆನ್ನಾಗಿ ಬಂದಿದೆ. ವರ್ಷದ ಮೊದಲ ತಿಂಗಳುಗಳಲ್ಲಿ ಊರಿನ ಗಾಳಿಯಲ್ಲೇ ಖಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯೂ ಅದೇ ಹೊತ್ತಿಗೆ. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬಳು ಸೀನಿದರೆ ಇಡೀ ಸಾಲು ಸೀನುತ್ತದೆ. ಸುಮಿಯ ಅವ್ವ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಎಷ್ಟು ತೊಳೆದರೂ ಕೈಯ ಖಾರ ಹೋಗುವುದಿಲ್ಲ. ಆ ಕೈಯಲ್ಲಿ ಬಾಚಿದರೆ ಮಗಳ ಕಣ್ಣು ಉರಿಯುತ್ತದೆ ಅಂತ ಸುಗ್ಗಿ ಮುಗಿಯುವ ತನಕ ತಲೆ ಮುಟ್ಟುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಜ್ಯೋತಿಯೇ ಬಂದು ಸುಮಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಇವರಿಬ್ಬರ ಸ್ನೇಹ ಎಂಥದ್ದು ಅಂತ ನೀನು ಎಲ್ಲೂ ವಿವರಿಸಿಲ್ಲ. ಆ ಎರಡು ಜಡೆಯೇ ಎಲ್ಲ ಹೇಳಿಬಿಡುತ್ತವೆ. ಇದನ್ನು ಓದಿ ನನಗೆ ನಿಜವಾಗಿ ಖುಷಿಯಾಯಿತು.

ಇಷ್ಟು ಚೆನ್ನಾಗಿ ಕಟ್ಟಿದ ಸ್ನೇಹವನ್ನು ಹನ್ನೊಂದನೇ ಅಧ್ಯಾಯದಲ್ಲಿ ನೀನೇ ಒಂದೇ ಏಟಿಗೆ ಮುರಿದುಬಿಟ್ಟಿದ್ದೀಯ. ಈ ಪತ್ರದಲ್ಲಿ ಹೆಚ್ಚಿನದು ಅದರ ಬಗ್ಗೆಯೇ.

ಜ್ಯೋತಿಯ ಎಡಗೈ ಮಣಿಕಟ್ಟಿನ ಮೇಲೆ ತೊನ್ನಿನ ಮಚ್ಚೆ ಇದೆ. ಅಗಲ ಬೆಲ್ಟಿನ ವಾಚು ಕಟ್ಟಿ ಮುಚ್ಚಿಕೊಂಡಿದ್ದಾಳೆ. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಸುಮಿಗೆ ಹೇಳುತ್ತಾಳೆ. ಹನ್ನೊಂದನೆಯದರಲ್ಲಿ ಜ್ಯೋತಿ ಕ್ಲಾಸಿಗೇ ಮೊದಲು, ಸುಮಿ ಎರಡನೆಯವಳು. ಸುಮಿಗೆ ಹೊಟ್ಟೆಕಿಚ್ಚು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೆಳತಿಯ ಗುಟ್ಟನ್ನು ಕರಿಹಲಗೆಯ ಮೇಲೆ ಬರೆದುಬಿಡುತ್ತಾಳೆ.

ನನಗೆ ಇದು ನಂಬಿಕೆಗೆ ಬರಲಿಲ್ಲ. ಹೊಟ್ಟೆಕಿಚ್ಚು ಆ ವಯಸ್ಸಿನಲ್ಲಿ ಇರೋದೇ. ಆದರೆ ಹತ್ತು ಅಧ್ಯಾಯ ನೀನು ತೋರಿಸಿದ ಸುಮಿ ಬೇರೆ. ಮನೆಯಿಂದ ತಂದ ರೊಟ್ಟಿಯನ್ನು ಅರ್ಧ ಮಾಡಿ ಕೊಡುವವಳು. ಜ್ಯೋತಿಗೆ ಜ್ವರ ಬಂದರೆ ತಾನೂ ಶಾಲೆ ತಪ್ಪಿಸುವವಳು. ಅವಳನ್ನು ಸುಮ್ನೆ ಕೆಟ್ಟವಳನ್ನಾಗಿ ಮಾಡಿದರೆ ಓದುಗರಿಗೆ ಕೆಲಸ ಸುಲಭವಾಗುತ್ತದೆ. ಅವಳನ್ನು ದ್ವೇಷಿಸಿ ಪುಟ ತಿರುಗಿಸುತ್ತಾರೆ. ಅವಳ ಬಗ್ಗೆ ಯೋಚನೆ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಗುಟ್ಟು ಕೇಳಿದ ದಿನದಿಂದ ಸುಮಿಯ ಪಾಡೇನು ಅಂತ ನೋಡು. ಅವಳಿಗೆ ಹದಿನೈದು ವರ್ಷ. ತಲೆ ಮೇಲೆ ಕೈ ಇಟ್ಟು ಅವ್ವನ ಆಣೆ ಮಾಡಿದ್ದಾಳೆ. ತೊನ್ನು ಅಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಊರಲ್ಲಿ ಜನ ಆಡಿಕೊಳ್ಳೋದನ್ನು ಮಾತ್ರ ಕೇಳಿದ್ದಾಳೆ. ಹೇಳಿಕೊಂಡ ಜ್ಯೋತಿ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಕೇಳಿಸಿಕೊಂಡ ಸುಮಿಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಅದೇ ಕೈ ಬಂದು ತನ್ನ ತಲೆ ಬಾಚುತ್ತದೆ. ಗೆಳತಿ ಮೇಲೆ ಪ್ರೀತಿ ಇದೆ. ಭಯವೂ ಇದೆ. ಭಯವಾಯಿತಲ್ಲ ಅಂತ ನಾಚಿಕೆಯೂ ಇದೆ. ಯಾರನ್ನು ಕೇಳಬೇಕು? ವಿಜ್ಞಾನದ ಟೀಚರನ್ನು ಕೇಳಿದರೆ ಯಾಕೆ ಅಂತಾರೆ. ಮನೆಯಲ್ಲಿರುವ ಒಂದು ಫೋನು ಅಪ್ಪನ ಜೇಬಿನಲ್ಲಿ. ಕೊನೆಗೆ ಉಳಿಯೋದು ಅವ್ವ.

ಒಂದು ರಾತ್ರಿ ಪಕ್ಕದಲ್ಲಿ ಮಲಗಿ ಕೇಳುತ್ತಾಳೆ ಅಂತಿಟ್ಟುಕೋ. “ಅವ್ವಾ, ತೊನ್ನು ಮುಟ್ಟಿದ್ರ ಬರ್ತೈತೇನು?” ಅಷ್ಟೇ. ಹೆಸರು ಹೇಳುವುದಿಲ್ಲ. ಆಣೆ ಮುರಿದಿಲ್ಲ ಅಂತ ಅವಳ ಲೆಕ್ಕ. ಆದರೆ ಅವ್ವ ದಡ್ಡಿಯೇನಲ್ಲ. ಮಗಳನ್ನು ದಿನಾ ಮುಟ್ಟುವವರು ಯಾರು ಅಂತ ಅವಳಿಗೆ ಗೊತ್ತು. ಏನೂ ಮಾತಾಡುವುದಿಲ್ಲ. ಬೆಳಿಗ್ಗೆ ಎದ್ದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತೊಳೆದು, ಮತ್ತೆ ಹಚ್ಚಿಕೊಂಡು, ಮಗಳಿಗೆ ತಾನೇ ಜಡೆ ಹಾಕುತ್ತಾಳೆ. ಜ್ಯೋತಿ ಬರುವ ಹೊತ್ತಿಗೆ ಜಡೆ ಆಗಿಹೋಗಿದೆ. ಸುಮಿಯ ಕಣ್ಣು ಕೆಂಪಾಗಿವೆ. ಅಳುತ್ತಿದ್ದಾಳೋ, ಖಾರಕ್ಕೆ ಉರಿಯುತ್ತಿವೆಯೋ, ಜ್ಯೋತಿಗೆ ಗೊತ್ತಾಗುವುದಿಲ್ಲ. ಗುಟ್ಟು ಹೊರಗೆ ಹೋಗಿದೆ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಇದನ್ನೇ ಬರೆ ಅಂತ ಹೇಳುತ್ತಿಲ್ಲ. ಆದರೆ ಜಡೆ, ಖಾರದ ಕೈ, ಇವನ್ನೆಲ್ಲ ನೀನೇ ತಂದಿಟ್ಟಿದ್ದೀಯ. ಕರಿಹಲಗೆ ನಿನ್ನದಲ್ಲ. ಅದು ಸಿನಿಮಾಗಳಿಂದ ಬಂದದ್ದು. ಮಕ್ಕಳ ಗುಟ್ಟುಗಳು ಕೆಟ್ಟ ಮನಸ್ಸಿನಿಂದ ಹೊರಬರೋದು ಕಡಿಮೆ. ಒಂದು ಮಗು ಒಬ್ಬಳೇ ಹೊರಲಾರದೆ ತಾನು ನಂಬುವ ಯಾರ ಹತ್ತಿರವೋ ಒಂದು ಪ್ರಶ್ನೆ ಕೇಳುತ್ತದೆ. ಅಲ್ಲಿಂದ ಮಾತು ಹೊರಡುತ್ತದೆ. ಮರುದಿನ ಮೆಣಸಿನಕಾಯಿ ರಾಶಿಯ ಸುತ್ತ ಕೂತ ಹೆಂಗಸರ ನಡುವೆ ಅವ್ವ ಬಾಯಿಬಿಟ್ಟರೆ, ಸಂಜೆಗೆ ಓಣಿ ತುಂಬ ಸುದ್ದಿ. ಇದರಲ್ಲಿ ತಪ್ಪು ಯಾರದು ಅಂತ ಬೆರಳು ತೋರಿಸೋದು ಕಷ್ಟ. ಕಾದಂಬರಿಗೆ ಬೇಕಾದದ್ದು ಆ ಕಷ್ಟವೇ.

ಇನ್ನೊಂದು ಮಾತು. ಐದನೇ ಅಧ್ಯಾಯದಿಂದ ಹತ್ತರವರೆಗೆ ಸುಮಿಗೆ ಗುಟ್ಟು ನೆನಪೇ ಇದ್ದಂತಿಲ್ಲ. ಅಲ್ಲಿ ನಿನಗೆ ಬೇಕಾದಷ್ಟು ಕಥೆ ಇದೆ. ಕಬಡ್ಡಿಗೆ ವಾಚು ಬಿಚ್ಚಿಡಿ ಅಂತ ಪಿಟಿ ಮಾಸ್ತರು ಹೇಳಿದಾಗ ಅವಳು ಏನು ಮಾಡುತ್ತಾಳೆ? ಹೊಟ್ಟೆನೋವು ಅಂತ ತಾನೇ ಬಿದ್ದು ಆಟ ನಿಲ್ಲಿಸುತ್ತಾಳೋ? ಜ್ಯೋತಿಯ ಕೈ ಕಡೆ ನೋಡಬಾರದು ಅಂತ ಎಷ್ಟು ಕಷ್ಟಪಡುತ್ತಾಳೆ ಅಂದರೆ, ನೋಡುತ್ತಿಲ್ಲ ಅನ್ನೋದೇ ಎದ್ದು ಕಾಣುತ್ತದೆ. ಈ ಅತಿಕಾಳಜಿ ಜ್ಯೋತಿಗೆ ಸಿಟ್ಟು ತರಿಸಬೇಕು. ಹೇಳಿಕೊಂಡದ್ದಕ್ಕೆ ಪಶ್ಚಾತ್ತಾಪವಾಗಬೇಕು. ಮತ್ತೆ, ತನಗೆ ಮಾತ್ರ ಗೊತ್ತು ಅನ್ನೋ ಒಂದು ಸಣ್ಣ ಜಂಬ ಸುಮಿಗೆ ಇರಬೇಕು. ಒಂದು ದಿನ ಪೆನ್ನಿಗಾಗಿಯೋ ಬೆಂಚಿನ ಜಾಗಕ್ಕಾಗಿಯೋ ಜಗಳವಾಗಿ, ನಗುತ್ತಲೇ “ನಾ ಹೇಳಿಬಿಡ್ತೀನಿ ನೋಡು” ಅಂದುಬಿಡಲಿ. ಕರಿಹಲಗೆಯ ಮೇಲೆ ಬರೆಯೋದಕ್ಕಿಂತ ಆ ಒಂದು ಮಾತು ಜಾಸ್ತಿ ಹೆದರಿಸುತ್ತದೆ. ಅಂದಮೇಲೂ ಇಬ್ಬರೂ ಒಟ್ಟಿಗೇ ಮನೆಗೆ ನಡೆಯಬೇಕಲ್ಲ. ಆ ದಾರಿಯನ್ನು ಬರೆ.

ಸುಮಿಗೆ ಅವಳದೇ ಆದ ಒಂದು ಗುಟ್ಟೂ ಬೇಕು. ಆ ವಯಸ್ಸಿನಲ್ಲಿ ನೀನೊಂದು ಹೇಳು, ನಾನೊಂದು ಹೇಳ್ತೀನಿ ಅನ್ನೋ ಲೆಕ್ಕವೇ ನಡೆಯೋದು. ಜ್ಯೋತಿ ಅಷ್ಟು ದೊಡ್ಡದನ್ನು ಕೊಟ್ಟಮೇಲೆ ಸುಮಿ ಏನೂ ಕೊಡದೆ ಇದ್ದಾಳೆಯೇ?

ಈಗ ಕಾಯಿಲೆಯ ವಿಷಯ. ಇದರಲ್ಲಿ ನೀನು ಇನ್ನಷ್ಟು ಎಚ್ಚರ ವಹಿಸಬೇಕು. ತೊನ್ನು ಇರುವ ಹುಡುಗಿಯರು ನಿನ್ನ ಪುಸ್ತಕ ಓದುತ್ತಾರೆ. ಅವರ ಅಮ್ಮಂದಿರೂ ಓದುತ್ತಾರೆ. ಆರನೇ ಅಧ್ಯಾಯದ ಡಾಕ್ಟರು “ಇದಕ್ಕೆ ಏನೂ ಮಾಡಕ್ಕಾಗಲ್ಲ” ಅಂತ ಎದ್ದುಹೋಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಮಚ್ಚೆ ತಾನಾಗೇ ಮಾಯವಾಗುತ್ತದೆ. ಎರಡೂ ಸರಿಯಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳು ಮಾಡುವುದರಿಂದ ತೊನ್ನು ಬರುತ್ತದೆ. ಮುಟ್ಟಿದರೆ ಬರುವುದಿಲ್ಲ, ಬಾಚಣಿಗೆಯಿಂದಲೂ ಬರುವುದಿಲ್ಲ. ಸುಮಾರು ಅರ್ಧದಷ್ಟು ಜನರಿಗೆ 20 ವರ್ಷದೊಳಗೇ ಶುರುವಾಗುತ್ತದೆ. ಅಂದರೆ ನಿನ್ನ ಜ್ಯೋತಿಯ ವಯಸ್ಸಿನವರು ಬಹಳ ಇದ್ದಾರೆ. ಚಿಕಿತ್ಸೆ ಇದೆ. ಮುಲಾಮು ಇದೆ, ನ್ಯಾರೋಬ್ಯಾಂಡ್ ಯುವಿಬಿ ಅನ್ನೋ ಬೆಳಕಿನ ಚಿಕಿತ್ಸೆ ಇದೆ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಮಾಡಿಸಿಕೊಳ್ಳಬೇಕು. ಕೆಲವರಿಗೆ ಬಣ್ಣ ಮರಳುತ್ತದೆ, ಕೆಲವರಿಗೆ ಸ್ವಲ್ಪ ಮಾತ್ರ. ಮುಖದ ಮೇಲೆ ಬೇಗ ಗುಣ ಕಾಣಬಹುದು. ಕೈಬೆರಳು, ಪಾದಗಳಲ್ಲಿ ತೀರ ನಿಧಾನ.

ಇದನ್ನು ಪಾಠದ ಹಾಗೆ ಕಾದಂಬರಿಯಲ್ಲಿ ತುರುಕಬೇಡ. ಕಥೆಗೆ ಇದರಿಂದ ಏನಾಗುತ್ತದೆ ನೋಡು. ಬೆಳಕಿನ ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗಬೇಕು ಅಂತಿಟ್ಟುಕೋ. ವಾರಕ್ಕೆ ಎರಡು ದಿನ ಅಮ್ಮನ ಜೊತೆ ರೈಲು. ಅಮ್ಮನ ಎರಡು ದಿನದ ಕೂಲಿ ಹೋಯಿತು. ಹಾಜರಿ ಪುಸ್ತಕದಲ್ಲಿ ಗೈರು. ಹತ್ತನೇ ಕ್ಲಾಸಿನ ವರ್ಷ ಬೇರೆ. ನೋಟ್ಸ್ ಬರೆದುಕೊಡುವವಳು ಸುಮಿ. ಟೀಚರು ಕೇಳಿದಾಗ ಸುಳ್ಳು ಹೇಳುವವಳೂ ಸುಮಿ. ಹೀಗೆ ಕಾಯಿಲೆಯ ಸತ್ಯ ನೇರವಾಗಿ ಇಬ್ಬರ ಸ್ನೇಹದೊಳಕ್ಕೆ ಬರುತ್ತದೆ. ವಾಚಿನ ಬೆಲ್ಟನ್ನೂ ಸುಮ್ಮನೆ ಬಿಡಬೇಡ. ಚರ್ಮಕ್ಕೆ ಗಾಯವಾದ, ಮತ್ತೆ ಮತ್ತೆ ತಿಕ್ಕಾಟವಾದ ಜಾಗದಲ್ಲಿ ಹೊಸ ಬಿಳಿ ಮಚ್ಚೆ ಏಳುವ ಸಾಧ್ಯತೆ ಇರುತ್ತದೆ. ಮುಚ್ಚಲು ಕಟ್ಟಿದ ವಾಚಿನ ಅಂಚಿನಲ್ಲೇ ಮಚ್ಚೆ ಅಗಲವಾಗುತ್ತಿದೆ ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗು. ಅದರ ಅರ್ಥ ಬಿಡಿಸಿ ಹೇಳಲು ನಿಲ್ಲಬೇಡ.

ಜ್ಯೋತಿಯ ಅಮ್ಮನ ಪಾತ್ರವನ್ನೂ ಸ್ವಲ್ಪ ಬೆಳೆಸು. ಈಗ ಅವಳು ಬರೀ ಬೈಯುತ್ತಾಳೆ. ನಿಜವಾಗಿ ಅವಳು ಏನೆಲ್ಲ ಮಾಡಿರಬಹುದು? ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅನ್ನೋ ಆಧಾರವಿಲ್ಲದ ಮಾತು ನಂಬಿ, ತಾನು ಯಾವತ್ತು ಹಾಗೆ ಬಡಿಸಿದೆ ಅಂತ ರಾತ್ರಿಯೆಲ್ಲ ನೆನಪು ಮಾಡಿಕೊಂಡಿರಬಹುದು. ಯಾರೋ ಹೇಳಿದರು ಅಂತ ಬಾವಂಚಿ ಬೀಜ ಅರೆದು ಹಚ್ಚಿ ಮಗಳನ್ನು ಎಳೆಬಿಸಿಲಿಗೆ ನಿಲ್ಲಿಸಿರಬಹುದು. ಆ ಬೀಜದಲ್ಲಿ ಸೋರಾಲೆನ್ ಅನ್ನೋ ಅಂಶವಿದೆ. ಅದು ಚರ್ಮ ಬಿಸಿಲಿಗೆ ಜಾಸ್ತಿ ಸ್ಪಂದಿಸುವ ಹಾಗೆ ಮಾಡುತ್ತದೆ. ಡಾಕ್ಟರ ಲೆಕ್ಕವಿಲ್ಲದೆ ಹಚ್ಚಿದರೆ ಬೊಬ್ಬೆ ಏಳುತ್ತವೆ. ಮಗಳ ಕೈಯಲ್ಲಿ ಬೊಬ್ಬೆ ಎದ್ದ ದಿನ ಆ ತಾಯಿಗೆ ಹೇಗಾಗಿರಬೇಡ. ಬಂದವರ ಕಣ್ಣಿಗೆ ಬಿದ್ದರೆ “ಚಿಬ್ಬು, ಹೋಗ್ತೈತಿ” ಅಂತ ಮಾತು ಮರೆಸುತ್ತಾಳೆ. ದೊಡ್ಡ ಮಗಳ ಮದುವೆ ಮಾತುಕತೆ ನಡೆದಿದೆ. ಜನ ತೊನ್ನನ್ನು ಬಿಳಿ ಕುಷ್ಠ ಅಂತ ಕರೆಯುತ್ತಾರೆ. ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಿನ್ನ ಕಥೆ ನಡೆಯೋದು 2013ರಲ್ಲಿ. ಗುಣವಾಗದ ತೀವ್ರ ಕುಷ್ಠರೋಗವಿದ್ದರೆ ವಿಚ್ಛೇದನ ಕೇಳಬಹುದು ಅನ್ನೋ ಮಾತು ಹಿಂದೂ ವಿವಾಹ ಕಾಯ್ದೆಯಲ್ಲೇ ಆಗ ಇತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಆ ತಾಯಿಗೆ ಕಾಯ್ದೆ ಗೊತ್ತಿರಬೇಕಾಗಿಲ್ಲ, ಜನರ ನಾಲಿಗೆ ಗೊತ್ತು. ಅವಳ ಭಯಕ್ಕೆ ಕಾರಣ ಇದೆ ಅಂತ ಓದುಗರಿಗೆ ತಿಳಿದರೆ, ಅವಳ ಬೈಗುಳವೂ ಬೇರೆ ಥರ ಕೇಳಿಸುತ್ತದೆ.

ಗುಟ್ಟು ಹೇಳುವ ದೃಶ್ಯಕ್ಕೆ ಬರ್ತೀನಿ. ಬೇವಿನ ಮರದ ಕೆಳಗೆ ಎದುರುಬದುರು ಕೂತು ಎರಡು ಪುಟ ಮಾತಾಡುತ್ತಾರೆ. ಇಷ್ಟು ಪುರುಸೊತ್ತಾಗಿ, ಮುಖ ನೋಡಿಕೊಂಡು, ಹದಿನೈದು ವರ್ಷದವರು ಇಂಥದ್ದನ್ನು ಹೇಳುವುದಿಲ್ಲ. ಇಬ್ಬರಿಗೂ ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಬಂದಿರಬೇಕಲ್ವಾ? ಆ ಯೋಜನೆ 2006-07ರಿಂದಲೇ ಇತ್ತು. ಸುಮಿಯ ಸೈಕಲ್ ಪಂಕ್ಚರ್ ಆಗಲಿ. ಜ್ಯೋತಿ ತುಳಿಯಲಿ, ಸುಮಿ ಹಿಂದೆ ಕೂತಿರಲಿ. ಮುಖ ಕಾಣುವುದಿಲ್ಲ. ಹ್ಯಾಂಡಲ್ ಮೇಲೆ ಎರಡೂ ಕೈ. ಏರು ಬಂದಾಗ ಉಸಿರು ಸಾಲದೆ ಮಾತು ತುಂಡಾಗುತ್ತದೆ. ಮನೆ ಹತ್ತಿರ ಬರುತ್ತಿದೆ, ಈಗ ಹೇಳದಿದ್ದರೆ ಇಲ್ಲ. ನಾಲ್ಕೇ ಸಾಲಿನಲ್ಲಿ ಮುಗಿಯಲಿ. ಸಣ್ಣ ಊರಿನ ಹುಡುಗಿಯರಿಗೆ ಒಂಟಿಯಾಗಿ ಮಾತಾಡಲು ಜಾಗವೇ ಇರುವುದಿಲ್ಲ. ಒಂದೇ ಕೋಣೆಯ ಮನೆ, ಗೋಡೆಗೆ ಗೋಡೆ ಅಂಟಿದ ಓಣಿ. ಅವರು ಎಲ್ಲಿ ಮಾತಾಡುತ್ತಾರೆ ಅನ್ನೋದನ್ನು ಪ್ರತಿ ದೃಶ್ಯದಲ್ಲೂ ನಿನ್ನನ್ನೇ ಕೇಳಿಕೋ.

ಭಾಷೆಯ ಬಗ್ಗೆ ಜಾಸ್ತಿ ಹೇಳಲ್ಲ. ನಿರೂಪಣೆ ಹೇಗಾದರೂ ಇರಲಿ, ಹುಡುಗಿಯರ ಮಾತು ಬ್ಯಾಡಗಿಯದೇ ಇರಲಿ. ಮೊದಲ ಮೂರು ಅಧ್ಯಾಯದಲ್ಲಿ “ಬಾರಲೇ”, “ಹೌದೇನಲೇ” ಅನ್ನುತ್ತಿದ್ದವರು ನಾಲ್ಕನೆಯದರಲ್ಲಿ ದುಃಖ ಬಂದ ಕೂಡಲೇ ಪುಸ್ತಕದ ಕನ್ನಡ ಆಡುತ್ತಾರೆ. ದುಃಖದಲ್ಲಿ ಊರ ಮಾತು ಇನ್ನೂ ಗಟ್ಟಿಯಾಗಿ ಬರುತ್ತದೆ, ತಂಗಿ.

ಕೊನೆಯ ಅಧ್ಯಾಯ. ಶಾಲೆಯ ವಾರ್ಷಿಕೋತ್ಸವ. ಜ್ಯೋತಿ ವೇದಿಕೆ ಹತ್ತಿ ವಾಚು ಬಿಚ್ಚಿ ಎಸೆದು, “ನಾನು ಇರೋದೇ ಹೀಗೆ” ಅಂತ ಭಾಷಣ ಮಾಡುತ್ತಾಳೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆ ಹುಡುಗಿಗೆ ಒಂದು ಗೆಲುವು ಕೊಡಬೇಕು ಅಂತ ನಿನಗನಿಸಿದೆ. ಆದರೆ ಚಪ್ಪಾಳೆ ತಟ್ಟುವವರು ಒಪ್ಪಿದರೆ ಮಾತ್ರ ಅವಳು ತನ್ನನ್ನು ಒಪ್ಪಿಕೊಂಡಳು ಅಂತಾಯಿತಲ್ಲ? ನಾಳೆ ಅವರು ಚಪ್ಪಾಳೆ ತಟ್ಟದಿದ್ದರೆ? ತನ್ನ ಮೈಯನ್ನು ಒಪ್ಪಿಕೊಳ್ಳೋದು ಒಂದು ದಿನದಲ್ಲಿ, ಒಂದು ಮಾತಿನಲ್ಲಿ ಆಗುವುದಿಲ್ಲ. ಒಂದು ದಿನ ಮರೆತೇ ಹೋಗಿರುತ್ತದೆ, ಮರುದಿನ ಮತ್ತೆ ಮುಚ್ಚಿಕೊಳ್ಳುತ್ತಾಳೆ. ಆ ಹಿಂದುಮುಂದು ನಿನ್ನ ಕಾದಂಬರಿಯಲ್ಲಿ ಇರಲಿ.

ಗೆಲುವು ಬೇಕೇ ಬೇಕು ಅಂದರೆ ಸಣ್ಣದೊಂದನ್ನು ಹುಡುಕು. ಏಳನೇ ಅಧ್ಯಾಯದಲ್ಲಿ ಜಾತ್ರೆ ಇದೆ. ಅಲ್ಲಿ ಸುಮಿ ಗಾಜಿನ ಬಳೆ ಇಡಿಸಿಕೊಳ್ಳುತ್ತಾಳೆ, ಜ್ಯೋತಿ ನನಗೆ ಬೇಡ ಅನ್ನುತ್ತಾಳೆ. ಯಾಕೆ ಬೇಡ ಅಂತ ನಮಗೆ ಗೊತ್ತು. ಬಳೆಗಾರ್ತಿ ಕೈ ಹಿಡಿದು, ಹಿಸುಕಿ, ಮಣಿಕಟ್ಟು ದಾಟಿಸಬೇಕು. ವಾಚು ಬಿಚ್ಚದೆ ಆಗದು. ಇದನ್ನು ಬರೆದು ನೀನೇ ಮರೆತುಬಿಟ್ಟಿದ್ದೀಯ. ಮುಂದಿನ ವರ್ಷದ ಜಾತ್ರೆಗೆ ಅವಳನ್ನು ಮತ್ತೆ ಕರೆದುಕೊಂಡು ಹೋಗು. ಎಡಗೈ ಮುಂದೆ ಚಾಚಲಿ. ಬಳೆಗಾರ್ತಿ ಒಂದು ಕ್ಷಣ ನೋಡಲಿ, ಅಥವಾ ನೋಡದೆಯೇ “ಕೈ ಸಡಿಲ ಬಿಡವ್ವಾ” ಅನ್ನಲಿ. ಪಕ್ಕದಲ್ಲಿ ಸುಮಿ ಇದ್ದಾಳೋ ಇಲ್ಲವೋ ಅನ್ನೋದನ್ನು ನೀನೇ ತೀರ್ಮಾನಿಸಬೇಕು. ಇಬ್ಬರೂ ಮತ್ತೆ ಮೊದಲಿನಂತಾಗಲೇಬೇಕು ಅಂತೇನಿಲ್ಲ. ಆದರೆ ಸುಮಿಗೆ ಏನಾಯಿತು ಅಂತ ಕೇಳದೆ ಜ್ಯೋತಿ ಪುಸ್ತಕದಿಂದ ಹೊರಗೆ ಹೋಗಬಾರದು. ಮಚ್ಚೆಯನ್ನು ದಯವಿಟ್ಟು ಮಾಯ ಮಾಡಬೇಡ. ಅದು ಹೋದರೆ ಮಾತ್ರ ಕಥೆ ಸುಖವಾಗಿ ಮುಗಿಯುತ್ತದೆ ಅಂತ ಹೇಳಿದಂತಾಗುತ್ತದೆ.

ಇನ್ನು ನೀನು ಪತ್ರದ ಕೊನೆಗೆ ಕೇಳಿದ ಪ್ರಶ್ನೆ. ಇದರಲ್ಲಿ ಅರ್ಧ ನಿಜವಾಗಿ ನಡೆದದ್ದು, ಮಚ್ಚೆ ಇದ್ದದ್ದು ನಿನ್ನ ಗೆಳತಿಗೆ, ನೀನು ಸುಮಿಯ ಜಾಗದಲ್ಲಿದ್ದೆ ಅಂತ ಬರೆದಿದ್ದೀಯ. ಅದನ್ನು ಓದಿದ ಮೇಲೆ ಕಾದಂಬರಿಯನ್ನು ಮತ್ತೆ ಮೊದಲಿನಿಂದ ನೋಡಿದೆ. ನೀನು ಜ್ಯೋತಿಯ ಬಾಯಲ್ಲಿ ಕಥೆ ಹೇಳಿಸಿ ಸುಮಿಗೆ ಶಿಕ್ಷೆ ಕೊಟ್ಟಿದ್ದೀಯ. ಸುಮಿಯನ್ನು ಇಷ್ಟು ಕೆಟ್ಟವಳನ್ನಾಗಿ ಮಾಡಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಹದಿನೈದು ವರ್ಷದ ಆ ಹುಡುಗಿಯ ಮೇಲೆ ಸ್ವಲ್ಪ ದಯೆ ಇಡು. ನಿನ್ನದೇ ಮನಸ್ಸಿನ ಕಷ್ಟವನ್ನು ಸುಮಿಗೆ ಪೂರ್ತಿ ಕೊಟ್ಟರೆ ಅವಳು ಜೀವಂತವಾಗುತ್ತಾಳೆ. ಬೇಕಿದ್ದರೆ ಕೆಲವು ಅಧ್ಯಾಯಗಳನ್ನು ಅವಳ ಬಾಯಲ್ಲೇ ಹೇಳಿಸಿ ನೋಡು.

ನಿಜವಾದ ಗೆಳತಿಯ ವಿಷಯ ಬೇರೆ. ಅವಳ ಮೈಯ ಗುಟ್ಟು ಈಗಲೂ ಅವಳದೇ. ಎರಡನೇ ಮಹಾಯುದ್ಧದ ಕಾಲದ ಯಹೂದಿ ಹುಡುಗಿ ಆ್ಯನ್ ಫ್ರಾಂಕ್ ತನ್ನ 13ನೇ ಹುಟ್ಟುಹಬ್ಬಕ್ಕೆ, 1942ರ ಜೂನ್ 12ರಂದು ಬಂದ ಡೈರಿಯಲ್ಲಿ ಬರೆಯತೊಡಗಿದಳು. ಮನಸ್ಸು ಬಿಚ್ಚಿ ಮಾತಾಡುವಂಥ ಗೆಳತಿ ಇಲ್ಲ ಅಂತ ಕಿಟ್ಟಿ ಅನ್ನೋ ಗೆಳತಿಯನ್ನು ಕಲ್ಪಿಸಿಕೊಂಡು ಬರೆದಳು. 1944ರ ಮಾರ್ಚ್‌ನಲ್ಲಿ, ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಸಂಗ್ರಹಿಸಬೇಕು ಅಂತ ಡಚ್ ಮಂತ್ರಿಯೊಬ್ಬರು ಲಂಡನ್ನಿನ ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡಳು. ಮೇ ತಿಂಗಳಿಂದ ಬಿಡಿಹಾಳೆಗಳ ಮೇಲೆ ಎಲ್ಲವನ್ನೂ ತಿರುಗಿ ಬರೆಯಲು ಕೂತಳು. ಕೆಲವನ್ನು ಬಿಟ್ಟಳು, ಕೆಲವನ್ನು ಸೇರಿಸಿದಳು. ನಾಜಿಗಳಿಗೆ ಹೆದರಿ ತನ್ನ ಜೊತೆ ಅಡಗಿಕೊಂಡಿದ್ದವರಿಗೆ ಬೇರೆ ಹೆಸರುಗಳ ಪಟ್ಟಿಯನ್ನೂ ಮಾಡಿಕೊಂಡಳು. ಆಗಸ್ಟ್ 4ರಂದು ಅವರನ್ನೆಲ್ಲ ಹಿಡಿದುಕೊಂಡು ಹೋಗುವ ತನಕ ಆ ಕೆಲಸದಲ್ಲಿದ್ದಳು. ತನಗಾಗಿ ಬರೆಯೋದು ಬೇರೆ, ಓದುವವರಿಗಾಗಿ ಬರೆಯೋದು ಬೇರೆ ಅನ್ನೋದು ಹದಿನಾಲ್ಕು ಹದಿನೈದರ ಆ ಹುಡುಗಿಗೆ ಅಷ್ಟು ಸ್ಪಷ್ಟವಾಗಿತ್ತು.

ನೀನೂ ಹಾಗೆ ಮಾಡು. ಹೆಸರು ಬದಲಿಸಿದರಷ್ಟೇ ಸಾಲದು. ಬ್ಯಾಡಗಿಯಂಥ ಊರಲ್ಲಿ ಅಪ್ಪನ ಅಂಗಡಿ, ಮನೆಯ ಓಣಿ, ಅಕ್ಕನ ಮದುವೆ ಅಂದರೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಅವನ್ನೆಲ್ಲ ಬದಲಿಸು. ಆಮೇಲೆ, ಅಚ್ಚಿಗೆ ಕೊಡುವ ಮೊದಲು, ಅವಳಿಗೆ ಕಳಿಸು. ಅಡ್ರೆಸ್ ಸಿಗದಿದ್ದರೆ ಹುಡುಕು. ಬೇಡ ಅಂದರೆ ಬೇಡ. ಮಚ್ಚೆಯನ್ನು ತೆಗೆದು ಬೇರೆ ಗುಟ್ಟು ಇಟ್ಟು ಬರೆಯುವಷ್ಟು ಶಕ್ತಿ ನಿನಗಿದೆ. ಕಷ್ಟವಾದರೂ ಬರೆಯುತ್ತೀಯ. ಅವಳು ಓದಿ ಹೂಂ ಅಂದರೆ, ಎಲ್ಲಿ ತಪ್ಪಾಗಿದೆ ಅಂತ ಅವಳನ್ನೇ ಕೇಳು. ವಾಚಿನ ಕೆಳಗಿನ ಆ ಜಾಗ ಬೇಸಿಗೆಯಲ್ಲಿ ಹೇಗಿರುತ್ತಿತ್ತು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ಸದ್ಯ ಇಡೀ ಕಾದಂಬರಿ ತಿದ್ದಲು ಹೋಗಬೇಡ. ನಾಲ್ಕನೆಯದು ಮತ್ತು ಹನ್ನೊಂದನೆಯದು, ಈ ಎರಡು ಅಧ್ಯಾಯ ಮಾತ್ರ ಹೊಸದಾಗಿ ಬರೆದು ಕಳಿಸು. ಹನ್ನೊಂದನೆಯದನ್ನು ಮೊದಲು ಬರೆ. ಸುಮಿ ಯಾರನ್ನು ಏನು ಕೇಳಿದಳು ಅಂತ ಗೊತ್ತಾದರೆ, ನಾಲ್ಕರಲ್ಲಿ ಜ್ಯೋತಿ ಎಷ್ಟು ಹೇಳಿರಬೇಕು ಅಂತ ನಿನಗೇ ತಿಳಿಯುತ್ತದೆ. ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇದೆ ಅಂದಿದ್ದೆಯಲ್ಲ, ಅದು ಮುಗಿದ ಮೇಲೆ ಕೂತರೂ ಸಾಕು. ನಾನು ಕಾಯುತ್ತೇನೆ.

ಪ್ರೀತಿಯಿಂದ,
ಅಕ್ಕ